ಡ್ಯೂಟಿ ಮೇಲೆ ನಿದ್ದೆ ಹೋದವಳು

ಆ ವಿಡಿಯೊ ಅರ್ಧ ನಿಮಿಷದ್ದೂ ಇಲ್ಲ. ಅದರಲ್ಲಿ ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಒಬ್ಬ ದಪ್ಪ ಹೆಂಗಸು ಬಸ್ಸಿನ ಮುಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಾಳೆ. ಟಿಕೆಟ್ ಮಷಿನ್ ಹೊಟ್ಟೆಯ ಮೇಲೆ ಕೂತು ಉಸಿರಿನ ಜೊತೆ ಏರಿಳಿಯುತ್ತಿದೆ. ಗೊರಕೆ ಎಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತದೆ. ಹಿಂದಿನಿಂದ ಯಾರೋ ಒಬ್ಬ, “ಈ ಗಾಡಿಗಿ ಎರಡ ಎಂಜಿನ್ ಅವ ನೋಡ್ರೋ” ಅನ್ನುತ್ತಾನೆ. ನಾಲ್ಕಾರು ಜನ ನಗುತ್ತಾರೆ. ಅಷ್ಟೇ.

ಆ ಹೆಂಗಸು ನಾನು. ಹೆಸರು ಮಹಾದೇವಿ. ಬಸವಕಲ್ಯಾಣ–ಹುಮನಾಬಾದ್ ರೂಟಿನಲ್ಲಿ ಕಂಡಕ್ಟರ್ ಆಗಿ ಬಹಳ ವರ್ಷ ದುಡಿದಿದ್ದೇನೆ, ಈಗಲೂ ದುಡಿಯುತ್ತಿದ್ದೇನೆ. ತವರು ಮೋರಖಂಡಿ. ಅವ್ವ ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕಳೆ ಕಿತ್ತವಳು. ನಮ್ಮ ಮನೆತನದಲ್ಲಿ ಸರಕಾರದ ಬಟ್ಟೆ ತೊಟ್ಟವಳು ನಾನೇ ಮೊದಲು. ಆ ಖಾಕಿ ಅಂಗಿಯನ್ನು ನಾನು ದೇವರ ಜಗುಲಿಯ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದೆ. ವರ್ಷ ಕಳೆದಂತೆ ಅದರ ಗುಂಡಿ ಹಾಕುವುದು ಕಷ್ಟವಾಯಿತು. ಮೊದಲು ಕೆಳಗಿನದು, ಆಮೇಲೆ ನಡುವಿನದು. ದರ್ಜಿಯ ಹತ್ತಿರ ಹೋಗಿ ಅಂಗಿ ಬಿಡಿಸಿಕೊಂಡು ಬರುವಾಗ ಅವನ ಮುಖ ನೋಡುತ್ತಿರಲಿಲ್ಲ.

ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸೀಟುಗಳ ನಡುವೆ ನಾನು ಅಡ್ಡಲಾಗಿ ಸರಿಯಬೇಕಿತ್ತು. ನಾನು ಬರುವುದು ಕಂಡರೆ ಜನ ಮೊಣಕಾಲು ಒಳಗೆ ಎಳೆದುಕೊಳ್ಳುತ್ತಿದ್ದರು, ತಾಯಂದಿರು ಮಕ್ಕಳನ್ನು ಮಡಿಲಿಗೆ ಎತ್ತಿಕೊಳ್ಳುತ್ತಿದ್ದರು. ಯಾರಾದರೂ ತಮಾಷೆ ಮಾಡುವ ಮೊದಲೇ ನಾನೇ ಮಾಡಿಬಿಡುತ್ತಿದ್ದೆ. “ಸರೀರಿ, ಲಾರಿ ಬರಾಕತ್ತದ!” ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮನೆಗೆ ಹೋಗಿ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡಾಗ ಆ ನಗು ನನ್ನ ಮೈಗೆಲ್ಲ ಅಂಟಿಕೊಂಡಂತೆ ಅನಿಸುತ್ತಿತ್ತು.

ನಿದ್ದೆ ಯಾವಾಗ ಶುರುವಾಯಿತೋ ಗೊತ್ತಿಲ್ಲ. ಬೆಳಿಗ್ಗೆ ಏಳುವಾಗಲೇ ತಲೆ ಕಲ್ಲಿನಂತೆ ಭಾರ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ತೂಕಡಿಸಿ, ಹಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆಗೆ ಎಚ್ಚರಾಗುತ್ತಿದ್ದೆ. ಬಸ್ಸಿನಲ್ಲಿ ಟಿಕೆಟ್ ಮುಗಿಸಿ ಕೂತರೆ ಸಾಕು, ಕಣ್ಣು ಎಳೆಯುತ್ತಿದ್ದವು. ದಪ್ಪ ಮೈ, ಸೋಮಾರಿ ಮೈ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಇದೊಂದು ಕಾಯಿಲೆ ಇರಬಹುದು ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಕಾಯಿಲೆ ಅಂದರೆ ಜ್ವರ, ನೋವು, ಸೊರಗುವುದು. ಉಂಡುಟ್ಟು ಗುಂಡಗಿದ್ದವಳಿಗೆ ಎಂಥ ಕಾಯಿಲೆ?

ವಿಡಿಯೊ ಬಂದದ್ದು ಶ್ರಾವಣದಲ್ಲಿ. ನನಗೆ ಕೊನೆಗೆ ಗೊತ್ತಾಯಿತು. ನನ್ನ ಮಗಳು ಭಾಗ್ಯಶ್ರೀ ಹುಮನಾಬಾದಿನ ಕಾಲೇಜಿನಲ್ಲಿ ಡಿಗ್ರಿ ಓದುತ್ತಾಳೆ. ಹೆಚ್ಚಿನ ದಿನ ನನ್ನ ಬಸ್ಸಿನಲ್ಲೇ ಗೆಳತಿಯರ ಜೊತೆ ಹೋಗುತ್ತಿದ್ದಳು. ಅವತ್ತು ಸಂಜೆ ಬಂದವಳು ಬ್ಯಾಗು ಒಗೆದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಚಹಾ ಬೇಡ, ಊಟ ಬೇಡ. ಯಾರಾದರೂ ಹುಡುಗ ಏನಾದರೂ ಅಂದನೋ ಎಂದು ಹೆದರಿದೆ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

“ಏನಾಗ್ಯದ ಹೇಳು ನನ್ನವ್ವ. ಯಾರರ ಏನರ ಅಂದ್ರೇನು?”

ಅವಳು ಮೊಬೈಲ್ ನನ್ನ ಕೈಗೆ ಕೊಟ್ಟಳು. ನಾನು ನೋಡಿದೆ. ಮೊದಲ ಸಲ ನೋಡಿದಾಗ, ನಿಜ ಹೇಳುತ್ತೇನೆ, ಅದು ನಾನೆಂದು ಗುರುತು ಸಿಗಲಿಲ್ಲ. ಯಾರೋ ಪಾಪದವಳು ಅನ್ನಿಸಿತು. ಆಮೇಲೆ ಕೈಯ ಹಸಿರು ಬಳೆ ಕಂಡಿತು.

“ಕಾಲೇಜ್ ಗ್ರೂಪಿನಾಗ ಎಲ್ಲಾರೂ ನೋಡ್ಯಾರ ಮಮ್ಮಿ,” ಅಂದಳು. “ನೀ ನಮ್ಮ ಟೈಮಿನ ಬಸ್ಸಿಗಿ ಬರಬ್ಯಾಡ” ಎಂದು ಗೋಡೆಗೆ ಹೇಳಿದಳು.

ನಾನು ಆಯಿತು ಅಂದೆ. ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು, ನಿಂತಲ್ಲೇ ಒಗ್ಗರಣೆ ಅವಲಕ್ಕಿಯ ಚೂಡಾ ತಿಂದೆ. ಅಳು ಬಂದಾಗಲೆಲ್ಲ ನಾನು ಹಾಗೆಯೇ ಮಾಡುತ್ತಿದ್ದೆ. ಮುಷ್ಟಿ ತುಂಬಿ ತುಂಬಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಯಾರಾದರೂ ಬರುವ ಸಪ್ಪಳವಾದರೆ ಸೆರಗಿನಿಂದ ಬಾಯಿ ಒರೆಸಿಕೊಂಡು ಪಾತ್ರೆ ತೊಳೆಯುವವಳಂತೆ ನಿಲ್ಲುತ್ತಿದ್ದೆ.

ಮರುದಿನ ಡಿಪೊದಲ್ಲಿ ಸಾಹೇಬರು ಕರೆಸಿದರು. ಅವರೂ ವಿಡಿಯೊ ನೋಡಿದ್ದರು. ಕೆಟ್ಟವರಲ್ಲ, ಕೂಡಲು ಕುರ್ಚಿ ತೋರಿಸಿದರು. ಆ ಕುರ್ಚಿಗೆ ಎರಡೂ ಕಡೆ ಕೈಗಳಿದ್ದವು. ನಾನು ಅದರಲ್ಲಿ ಹಿಡಿಸುವುದಿಲ್ಲವೆಂದು ಗೊತ್ತಿದ್ದುದರಿಂದ ನಿಂತೇ ಇದ್ದೆ.

“ಡ್ಯೂಟಿ ಮ್ಯಾಲ ಮಲಗೂದು ಸಣ್ಣ ಮಾತಲ್ಲ ಮಹಾದೇವಿಬಾಯಿ. ಮ್ಯಾಲಿನವರು ಕೇಳಿದ್ರ ನಾ ಏನು ಹೇಳಲಿ? ಇನ್ನೊಮ್ಮಿ ಹಿಂಗಾದ್ರ ಸಸ್ಪೆಂಡ್ ಮಾಡಬೇಕಾಗ್ತದ ನೋಡ್ರಿ.”

ಆಗ ಬಾಗಿಲ ಹೊರಗೆ ನಿಂತಿದ್ದ ನಮ್ಮ ಡ್ರೈವರ್ ಇಸ್ಮಾಯಿಲ್ ಭಾಯಿ ಕೇಳದೆಯೇ ಒಳಗೆ ಬಂದರು. “ಸಾಬ್, ಆಕಿ ಮಲಗೂ ಮಂದಿ ಅಲ್ರಿ. ತಬಿಯತ್ ಠೀಕ್ ಇಲ್ಲ ಆಕೀದು. ನಾ ಬಾಜೂಕ ಕೂತು ಕೇಳೀನಿ. ದವಾಖಾನಿಗಿ ತೋರಿಸಿ ಬರ್ತಾರ, ಅಲ್ಲೀತನ ಟೈಮ್ ಕೊಡ್ರಿ,” ಅಂದರು.

ಹೊರಗೆ ಬೇವಿನ ಗಿಡದ ನೆರಳಿಗೆ ಬಂದ ಮೇಲೆ ನಾನು ಸಿಟ್ಟಾದೆ. “ನನಗ ಏನಾಗ್ಯದ ಅಂತ ನಿಮಗ್ಯಾಕ ಫಿಕರ್ ಭಾಯಿ? ಎಲ್ಲಾರ ಮುಂದ ಬ್ಯಾನಿಯವಳು ಅಂತ ಡಂಗುರ ಸಾರಬೇಕಿತ್ತೇನು?”

ಅವರು ನೆಲ ನೋಡುತ್ತಾ ಹೇಳಿದರು. “ಬಾಯಿ, ರಾಜೇಶ್ವರ ಸ್ಟಾಪ್ ಬಂದಾಗ ನಾ ಜೋರ್ ಹಾರ್ನ್ ಹೊಡೀತೀನಲ್ಲ, ಅದು ಯಾರಿಗಿ ಅಂತ ತಿಳಕೊಂಡೀರಿ? ನೀವು ಎಚ್ಚರಾಗಲಿ ಅಂತ. ಭಾಳ ದಿನದಿಂದ ಹೊಡ್ಯಾಕತ್ತೀನಿ. ನೀವು ಮಲಗೂದು ನೋಡಿ ಹೆದರಿಕಿ ಇಲ್ಲ ನನಗ. ಗೊರಕಿ ನಡುವ ಒಮ್ಮೊಮ್ಮೆ ಸಪ್ಪಳಾನ ಬಂದ್ ಆಗ್ತದಲ್ಲ, ಆವಾಗ ನನ್ನ ಕಾಲು ಬ್ರೇಕ್ ಮ್ಯಾಲ ಹೋಗ್ತದ.”

ಅಷ್ಟು ದಿನ ಅವರ ಹಾರ್ನಿಗೆ ನಾನು ಗೊಣಗುತ್ತಿದ್ದೆ, ಕಿವಿ ಕಿವುಡಾಗುತ್ತದೆ ಎಂದು.

ಬಸವಕಲ್ಯಾಣದಲ್ಲಿ ಒಳ್ಳೆಯ ಡಾಕ್ಟರುಗಳಿದ್ದಾರೆ. ನಾನು ಹುಮನಾಬಾದಿಗೆ ಹೋದೆ. ನಮ್ಮೂರಿನ ದವಾಖಾನೆಯಲ್ಲಿ ಕೂತರೆ ಓಣಿಯವರೆಲ್ಲ ಮಾತಾಡಿಸುತ್ತಾರೆ ಎಂಬ ಹೆದರಿಕೆ. ಮಿಲ್ಲಿಗೆ ಬೀಗ ಹಾಕಿ ನನ್ನ ಗಂಡ ರೇವಣಪ್ಪನವರೂ ಜೊತೆಗೆ ಬಂದರು. ಅವರದು ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟಿನ ಪುಡಿ ಇರುತ್ತದೆ, ಮಾತು ಕಡಿಮೆ.

ಆ ರೂಟಿನ ಕಂಡಕ್ಟರ್ ಆದವಳು ಹುಮನಾಬಾದಿನಲ್ಲಿ ಅಡಗುತ್ತೇನೆ ಅಂದುಕೊಂಡದ್ದೇ ಮೂರ್ಖತನ. ದವಾಖಾನೆಯ ಹಾಲಿನಲ್ಲಿ ಕೂತಿದ್ದವರಲ್ಲಿ ಅರ್ಧ ಜನ ನನ್ನ ಬಸ್ಸಿನ ಪ್ರಯಾಣಿಕರು. “ಕಂಡಕ್ಟರ್ ಅಕ್ಕಾ, ಇಲ್ಲಿ?” ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಗಂಡನಿಗೆ ಮೊಣಕಾಲು ನೋವು ಅಂದೆ. ಅವರು ಪಾಪ, ಮೊಣಕಾಲು ಸವರಿಕೊಂಡರು.

ತೂಕದ ಯಂತ್ರ ಆ ಹಾಲಿನ ನಟ್ಟನಡುವೆ ಇತ್ತು. ಹೆಸರು ಕೂಗಿದರು. ಚಪ್ಪಲಿ ಬಿಟ್ಟೆ, ಕೈಚೀಲ ಗಂಡನಿಗೆ ಕೊಟ್ಟೆ, ಏನಾದರೂ ಕಡಿಮೆಯಾದೀತೆಂದು ವಾಚನ್ನೂ ಬಿಚ್ಚಿದೆ. ಹತ್ತಿ ನಿಂತೆ. ಕೆಲಸದ ಹುಡುಗಿ ಅಂಕಿಯನ್ನು ಒಳಗಿನ ಕೋಣೆಯವರಿಗೆ ಕೇಳುವಂತೆ ಕೂಗಿದಳು. ಆ ಅಂಕಿ ಇಲ್ಲಿ ಬರೆಯುವುದಿಲ್ಲ. ಹುಮನಾಬಾದಿನ ಅಷ್ಟು ಜನಕ್ಕೆ ಗೊತ್ತಿದೆ, ಸಾಕು. ಯಾರೂ ನಗಲಿಲ್ಲ. ಯಾರೋ ಒಬ್ಬಳು ಮಾತ್ರ “ಶಿವನೇ” ಎಂದಳು, ಅದೂ ಕನಿಕರದಿಂದ. ನಕ್ಕಿದ್ದರೇ ಚೆನ್ನಾಗಿತ್ತು.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದಿನಕ್ಕೆ ಏನೇನು ಉಣ್ಣುತ್ತೀರಿ ಎಂದು ಕೇಳಿದಳು.

“ಎರಡು ರೊಟ್ಟಿ, ಪಲ್ಯ,” ಅಂದೆ.

“ಮತ್ತ?”

“ಅಷ್ಟರಿ.”

ಗಂಡ ಸೀಲಿಂಗ್ ಫ್ಯಾನ್ ನೋಡುತ್ತಾ ಕೂತಿದ್ದರು. ಡಾಕ್ಟರ್ ಅವರನ್ನು ಕೇಳಿದಳು, ರಾತ್ರಿ ಗೊರಕೆ ಹೊಡೆಯುತ್ತಾರೇನು ಎಂದು. ಅವರು ಹೌದೋ ಅಲ್ಲವೋ ಅಂದು ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. ಅವರು ಮಾತಾಡತೊಡಗಿದರು.

“ಆಕಿ ಉಸರು ನಿಲ್ತದರಿ ಡಾಕ್ಟರ್ ಬಾಯಿ. ಗೊರಕಿ ಹೊಡಕೋತ ಹೊಡಕೋತ ಒಮ್ಮಿಗ್ಲೇ ಸುಮ್ಮ ಆಗ್ತಾಳ. ನಾ ಭುಜ ಹಿಡದು ಅಲ್ಲಾಡಸ್ತೀನಿ. ಆಮ್ಯಾಲ ನೀರಾಗ ಮುಳಗಿ ಮ್ಯಾಲ ಬಂದವರಂಗ ಉಸರು ಎಳಕೋತಾಳ. ಮತ್ತ ಮಲಗ್ತಾಳ. ಮತ್ತ ಹಂಗೇ ಆಗ್ತದ.”

“ಮತ್ತ ನೀವು ಯಾವಾಗ ಮಲಗ್ತೀರಿ?”

“ಗಿರಣ್ಯಾಗ ಮಲಗ್ತೀನ್ರಿ.”

ಗಿರಣಿಯಲ್ಲಿ ಮಲಗುತ್ತಾರೆಂದು ನಾನು ಅವರಿಗೆ ಎಷ್ಟು ಅಂದಿದ್ದೆ! ಗಿರಾಕಿಗಳು ಕಾಯುತ್ತಾ ನಿಂತಿದ್ದರೆ ಚೀಲಗಳ ಮೇಲೆ ಗೊರಕೆ ಹೊಡೆಯುವ ಗಂಡಸು ಎಂದು ನೆರೆಯವರ ಮುಂದೆಯೂ ಆಡಿಕೊಂಡಿದ್ದೆ. ಅವರು ಒಮ್ಮೆಯೂ ತಿರುಗಿ ಹೇಳಿರಲಿಲ್ಲ. ನನಗೆ ನಾಚಿಕೆಯಾಗುತ್ತದೆ ಎಂದು ಹೇಳಿರಲಿಲ್ಲವಂತೆ.

ಡಾಕ್ಟರ್ ನನ್ನ ಕಡೆ ತಿರುಗಿದಳು. “ಅಮ್ಮಾ, ನಿಮ್ಮನ್ನ ಬೈಯಾಕ ಅಂತ ಕೇಳಾಕತ್ತಿಲ್ಲ ನಾನು. ಏನು ಉಣ್ತೀರಿ ಗೊತ್ತಾದ್ರ ಯಾವುದು ಬಿಡಬೇಕು ಅಂತ ಹೇಳಬಹುದು.”

ಆಗ ಹೇಳಿದೆ. ತಲೆ ಬಗ್ಗಿಸಿ, ಟೇಬಲ್ಲಿನ ಮೇಲಿದ್ದ ಗಾಜಿನ ಪೇಪರ್‌ವೇಟಿಗೆ ಹೇಳಿದಂತೆ ಹೇಳಿದೆ. ಪ್ರತಿ ಟ್ರಿಪ್ಪಿಗೂ ಸಕ್ಕರೆ ಸುರಿದ ಚಹಾ. ಹುಮನಾಬಾದ್ ಬಸ್‌ಸ್ಟ್ಯಾಂಡಿನ ಗೋಡೆಗೆ ಮುಖ ಮಾಡಿ ನಿಂತು ತಿನ್ನುವ ಬಿಸಿ ಮಿರ್ಚಿ ಭಜಿ. ಮಗಳು ತಟ್ಟೆಯಲ್ಲಿ ಬಿಟ್ಟದ್ದು. ಪಾತ್ರೆಯ ತಳದಲ್ಲಿ ಉಳಿದದ್ದು. ಚೂಡಾದ ಡಬ್ಬಿ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನಿಗೆ ಗೊತ್ತಿರದ ನನ್ನ ಊಟವೆಲ್ಲ ಅವರೆದುರೇ ಹೊರಗೆ ಬಿತ್ತು. ಮಾತು ಮುಗಿದಾಗ ಬೆವರಿನಿಂದ ಕುಪ್ಪಸ ಒದ್ದೆಯಾಗಿತ್ತು.

ರಕ್ತ ತೆಗೆದರು. ಸಕ್ಕರೆ ಕಾಯಿಲೆ ಬಂದಿತ್ತು. ನಿದ್ದೆಯ ಪರೀಕ್ಷೆಗೆ ಕಲಬುರಗಿಗೆ ಕಳಿಸಿದರು. ಮೈಗೆಲ್ಲ ತಂತಿ ಅಂಟಿಸಿಕೊಂಡು ಅಪರಿಚಿತ ಹಾಸಿಗೆಯಲ್ಲಿ ಮಲಗಿ ಬಂದೆ. ಮೂಗಿಗೆ ಮುಖವಾಡ ಕಟ್ಟಿ ಗಾಳಿ ಊದುವ ಒಂದು ಮಷಿನ್ ಕೊಟ್ಟರು. ಅದನ್ನು ಕಟ್ಟಿಕೊಂಡರೆ ನಾನು ಗಣಪತಿಯ ಹಾಗೆ ಕಾಣುತ್ತಿದ್ದೆ. ಮೊದಲ ಸಲ ಗಂಡನಿಗೆ ಬೆನ್ನು ತಿರುಗಿಸಿ ಕಟ್ಟಿಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅವರು ಅಂಗಾತ ಮಲಗಿ, ಕೈಕಾಲು ಚೆಲ್ಲಿ, ಮಗುವಿನಂತೆ ನಿದ್ದೆ ಮಾಡುತ್ತಿದ್ದರು. ಆ ದಿನ ಗಿರಣಿ ತೆರೆಯುವುದು ತಡವಾಯಿತು. ನಾನು ಎಬ್ಬಿಸಲಿಲ್ಲ.

ಮಷಿನ್ ಆಸರೆ ಮಾತ್ರ, ಮೈ ಇಳಿಸದೆ ಬೇರೆ ದಾರಿಯಿಲ್ಲ ಎಂದು ಹುಮನಾಬಾದಿನ ಡಾಕ್ಟರ್ ಹೇಳಿದ್ದಳು. ಅರ್ಧ ಉಣ್ಣಿರಿ, ದಿನಾ ನಡೆಯಿರಿ. ಕೇಳಲು ಎಷ್ಟು ಸುಲಭ! ಕ್ಯಾನ್ಸರಿನವರಿಗೆ ಜನ ಹಣ್ಣು ತಂದುಕೊಡುತ್ತಾರೆ. ನಮ್ಮಂಥವರಿಗೆ ಬುದ್ಧಿ ಹೇಳುತ್ತಾರೆ.

ಡಿಪೊ ಸಾಹೇಬರು ಕೆಲವು ತಿಂಗಳು ನನ್ನನ್ನು ಬಸವಕಲ್ಯಾಣ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂರಿಸಿದರು. ಬೀದರ್ ಗಾಡಿ ಯಾವ ಜಾಗಕ್ಕೆ ಬರುತ್ತದೆ, ಹುಮನಾಬಾದ್ ಗಾಡಿ ಯಾವಾಗ ಹೊರಡುತ್ತದೆ ಎಂದು ಹೇಳುವ ಕೆಲಸ. ಕಿಟಕಿಯ ಗಾಜಿಗೆ ಧೂಳು ಮೆತ್ತಿ ಒಳಗಿನವರು ಹೊರಗೆ ಕಾಣುತ್ತಿರಲಿಲ್ಲ. ಅದನ್ನು ಒರೆಸಲು ಬಂದವರನ್ನು ಬೇಡವೆಂದು ಕಳಿಸಿದೆ. ಮೈ ಇಲ್ಲದೆ ಬರಿ ದನಿಯಾಗಿರುವುದು ನನಗೆ ಹಿತವಾಗಿತ್ತು.

ಒಂದು ದಿನ ಭಾಗ್ಯಶ್ರೀಯ ಗೆಳತಿಯೊಬ್ಬಳು ತಮ್ಮನ ಪಾಸಿನ ವಿಷಯ ಕೇಳಲು ಒಳಗೆ ಬಂದವಳು ಹೇಳಿದಳು: “ಆಂಟಿ, ನಿಮ್ಮ ವಾಯ್ಸ್ ಭಾಳ ಛಲೋ ಅದ. ಇದು ಯಾರ ವಾಯ್ಸ್ ಅಂತ ಕೇಳಿದ್ರ, ನಮ್ಮ ಮಮ್ಮೀದು ಅಂತ ಭಾಗ್ಯಾ ಎಲ್ಲಾರ ಮುಂದ ಅಂದಳು.” ಸಂತೋಷವಾಯಿತು. ಅದರ ಬೆನ್ನಿಗೇ ಒಂದು ಮುಳ್ಳೂ ಚುಚ್ಚಿತು: ದನಿಯಾದರೆ ನಮ್ಮವ್ವನದು ಅನ್ನಬಹುದು.

ಊಟ ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ನಾನು ಯಾರಿಗೂ ಬೇಡವಾದವಳಾಗಿದ್ದೆ. ಒಂದು ರೊಟ್ಟಿ, ಬಟ್ಟಲು ತುಂಬ ಪುಂಡಿಪಲ್ಯ, ಮಜ್ಜಿಗೆ. ಕೈ ನಡುಗುತ್ತಿತ್ತು, ಸಣ್ಣದಕ್ಕೂ ಸಿಟ್ಟು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಭಜಿ ಕರಿಯುವ ವಾಸನೆ ಮೈಕಿನ ಕೋಣೆಗೆ ಬಂದಾಗ ಹುಮನಾಬಾದ್ ಗಾಡಿಯನ್ನು ಔರಾದ್ ಗಾಡಿ ಎಂದು ಕೂಗಿದ್ದೂ ಉಂಟು. ಎರಡು ಸಲ ಸೋತೆ. ಎದ್ದು ಹೋಗಿ ಪ್ಲೇಟು ತುಂಬ ತಿಂದು, ಕಣ್ಣೀರು ಖಾರದ್ದು ಎಂಬಂತೆ ಮೂಗು ಒರೆಸಿಕೊಂಡು ಬಂದೆ. ಮನೆಯಲ್ಲಿ ಹೇಳಲಿಲ್ಲ.

ಎಳ್ಳ ಅಮಾವಾಸ್ಯೆಗೆ, ನಮ್ಮ ಎಳ್ಳಮಾಸಿಗೆ, ತವರಿಗೆ ಹೋದೆವು. ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು ಕಟ್ಟಿ ಪೂಜೆ ಮಾಡಿ, ಸಜ್ಜೆ ರೊಟ್ಟಿ, ಹತ್ತಾರು ಕಾಯಿಪಲ್ಲೆ ಕೂಡಿಸಿ ಮಾಡಿದ ಭಜ್ಜಿ, ಅಂಬಲಿ, ಹೋಳಿಗೆ ಎಲ್ಲವನ್ನೂ ಜೋಳದ ಬೆಳೆಯ ನಡುವೆ ಕೂತು ಉಣ್ಣುತ್ತೇವೆ. ಅವ್ವ ಈಗ ತನ್ನದೇ ಒಂದು ತುಂಡು ಹೊಲದ ಒಡತಿ. ನನ್ನನ್ನು ಕಂಡವಳೇ ಬದುವಿನ ಮೇಲೆ ನಿಂತುಬಿಟ್ಟಳು. ಅಷ್ಟರಲ್ಲಿ ನಾನು ಸ್ವಲ್ಪ ಇಳಿದಿದ್ದೆ. ನನ್ನ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. ನೆಲದ ಮೇಲೆ ಕೂತ ಮೇಲೆ ನನ್ನ ತಟ್ಟೆಗೆ ಒಂದರ ಮೇಲೊಂದು ಹೋಳಿಗೆ ಇಟ್ಟಳು.

“ಒಂದು ಸಾಕವ್ವ,” ಅಂದೆ.

“ಯಾಕ? ಅಳಿಯ ಏನರ ಅಂದನೇನು?”

“ಇಲ್ಲವ್ವ, ಡಾಕ್ಟರ್ ಬ್ಯಾಡ ಅಂದಾರ. ಮೈ ಇಳಸಬೇಕಂತ.”

ಅವಳ ಕೈ ಹೋಳಿಗೆಯ ಬುಟ್ಟಿಯಲ್ಲೇ ನಿಂತಿತು. “ಮೈ ಇಳಸಬೇಕಾ?” ಅಂದಳು. “ನಾ ನಿನ್ನ ಹೊಟ್ಟ್ಯಾಗ ಇಟಗೊಂಡು ಇದೇ ಊರಾಗ ಕಳೆ ಕಿತ್ತೀನಿ. ಮಧ್ಯಾಹ್ನ ಎಲ್ಲಾರೂ ಬುತ್ತಿ ಬಿಚ್ಚಿದ್ರ ನಾ ಬಾವಿ ಕಡಿ ಹೋಗಿ ನೀರು ಕುಡದು ಬರ್ತಿದ್ದೆ. ನೀ ಹುಟ್ಟಿದಾಗ ಬರೇ ಎಲುಬಿದ್ದಿ. ಇದು ಉಳ್ಯಾಂಗಿಲ್ಲ ಅಂದಿದ್ರು ಮಂದಿ. ಖಾಕಿ ಅಂಗಿ ಹಾಕ್ಕೊಂಡು ಮೈತುಂಬ ನೀ ಬಸ್ಸಿನ್ಯಾಗಿಂದ ಇಳದು ಬರೂದು ನೋಡೀದ್ರ, ನನ್ನ ಮಗಳು ಹೊಟ್ಟಿತುಂಬ ಉಣ್ತಾಳ ಅಂತ ಊರಿಗೆಲ್ಲಾ ಕಾಣ್ತಿತ್ತು. ಅದನ್ನ ಇಳಸಬೇಕಾ?”

ನಾನು ನಾಚಿ ಮುಚ್ಚಿಡುತ್ತಿದ್ದ ಮೈಯನ್ನು ಇವಳು ಇಷ್ಟು ವರ್ಷ ಊರಿಗೆ ತೋರಿಸುತ್ತಿದ್ದಳು. ಆಗ ನನ್ನ ಗಂಡ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು: “ಅತ್ತಿ, ಆಕಿ ಉಸರು ನಿಲ್ತದ. ಮೈ ಇಳಸಲಿಲ್ಲಂದ್ರ ಒಂದಿನ ನಿಂತೇ ಹೋಗ್ತದಂತ ಡಾಕ್ಟರ್ ಅಂದಾರ.”

ಅವ್ವ ನನ್ನ ತಟ್ಟೆಯಿಂದ ಹೋಳಿಗೆಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿದಳು. ಕೊನೆಯದನ್ನು ಬಿಟ್ಟಳು. ತನ್ನ ಕೈಯಾರೆ ಮಗಳ ತಟ್ಟೆಯಿಂದ ಅನ್ನ ತೆಗೆಯುವುದು ಅವಳಿಗೆ ಎಂಥದಾಗಿತ್ತೋ, ಅವಳಿಗೇ ಗೊತ್ತು.

ನಡೆಯುವುದು ಇನ್ನೊಂದು ಫಜೀತಿ. ಬೆಳಿಗ್ಗೆ ತ್ರಿಪುರಾಂತ ಕೆರೆಯ ಕಡೆಗೆ ಹೊರಟರೆ ಪ್ರತಿ ಬೈಕೂ ನಿಲ್ಲುತ್ತಿತ್ತು. “ಎಲ್ಲಿಗಿ ಹೊಂಟೀರಿ ಅಕ್ಕಾ? ಕೂಡ್ರಿ, ಬಿಡ್ತೀನಿ.” ಕಂಡಕ್ಟರ್ ಅಕ್ಕ ನಡೆದು ಹೋಗುವುದನ್ನು ಯಾರೂ ನೋಡಲಾರರು. ಸುಮ್ಮನೆ ನಡೆಯುತ್ತಿದ್ದೇನೆ ಅನ್ನಲು ನಾಚಿಕೆ. ಸೀರೆಯ ಕೆಳಗೆ ಮಗಳ ಹಳೆಯ ಬೂಟು ಬೇರೆ. ಗುಡಿಗೆ ಹೊರಟಿದ್ದೇನೆ ಅಂದೆ. ಗುಡಿಗಾದರೂ ಬಿಡುತ್ತೇನೆ ಅಂದರು. ನಡೆದೇ ಬರುತ್ತೇನೆಂದು ಹರಕೆ ಹೊತ್ತಿದ್ದೇನೆ ಅಂದೆ. ಆಗ ಮಾತ್ರ ಕೈಮುಗಿದು ಮುಂದೆ ಹೋದರು.

ಆ ಸುಳ್ಳು ನನಗಿಂತ ಜೋರಾಗಿ ನಡೆಯಿತು. ನಮ್ಮ ಓಣಿಯ ಜಗದೇವಿ, ಬಳೆ ಅಂಗಡಿಯವರ ಮನೆಯಾಕೆ, ಒಂದು ಬೆಳಿಗ್ಗೆ ತುರುಬಿಗೆ ಹೂ ಮುಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಳು. ಅವಳೂ ನನ್ನಷ್ಟೇ ಮೈಕೈ ತುಂಬಿಕೊಂಡವಳು. “ನಂದೂ ಒಂದು ಬೇಡಿಕಿ ಅದರಿ. ನಿಮ್ಮ ಕೂಡ ನಡೀತೀನಿ,” ಅಂದಳು. ಬೇಡವೆನ್ನುವುದು ಹೇಗೆ? ಇಬ್ಬರೂ ಕೆರೆಯ ದಂಡೆಗುಂಟ ಏದುಸಿರು ಬಿಡುತ್ತಾ ನಡೆದೆವು, ದಾರಿಯಲ್ಲಿ ಸಿಕ್ಕ ಗುಡಿಗೆ ಕೈ ಮುಗಿದೆವು, ತಿರುಗಿ ಬಂದೆವು. ಮರುದಿನವೂ ಬಂದಳು, ಅದರ ಮರುದಿನವೂ. ಹೀಗೆ ಎಷ್ಟೋ ವಾರ ಹೋಯಿತು. ಅವಳ ಭಕ್ತಿ ಕಂಡು ನನಗೆ ಒಳಗೊಳಗೇ ಪಾಪದ ಭಯ ಹತ್ತಿತು. ಒಂದು ದಿನ ದಂಡೆಯ ಕಲ್ಲಿನ ಮೇಲೆ ಕೂತು ಹೇಳಿಬಿಟ್ಟೆ.

“ಜಗದೇವಿ, ನನ್ನದು ಹರಕಿ ಗಿರಕಿ ಏನಿಲ್ಲ. ಮೈ ಇಳಸಾಕ ನಡ್ಯಾಕತ್ತೇನಿ. ಹೇಳಾಕ ನಾಚಿಕಿ ಬಂದು ಸುಳ್ಳು ಹೇಳಿದ್ದೆ.”

ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. “ನನಗ ಗೊತ್ತಿತ್ತರಿ ಅಕ್ಕಾ. ಹರಕಿಗಿ ಯಾರರ ಬೂಟ್ ಹಾಕ್ಕೊಂಡು ಬರ್ತಾರೇನು? ನನಗೂ ಅದೇ ಬೇಕಾಗಿತ್ತು. ಮನ್ಯಾಗ ನಡ್ಯಾಕ ಹೋಗ್ತೀನಿ ಅಂದ್ರ ನಗ್ತಾರ. ನಿಮ್ಮ ಹರಕಿ ನೆವದಾಗ ಬಂದೆ.”

ಕಣ್ಣಲ್ಲಿ ನೀರು ಬರುವವರೆಗೆ ಇಬ್ಬರೂ ನಕ್ಕೆವು. ಈಗಲೂ ನಡೆಯುತ್ತೇವೆ. ಈಗಲೂ ಬೈಕುಗಳು ನಿಂತರೆ ಹರಕೆ ಎಂದೇ ಹೇಳುತ್ತೇವೆ; ಬೀದಿಯಲ್ಲಿ ನಿಂತು ನಿಜ ಹೇಳುವ ಧೈರ್ಯ ಇಬ್ಬರಿಗೂ ಇನ್ನೂ ಬಂದಿಲ್ಲ.

ಮೈ ನಿಧಾನವಾಗಿ ಇಳಿಯಿತು. ನಾನೇನೂ ಕಡ್ಡಿಯಾಗಿಲ್ಲ. ಈಗಲೂ ನನ್ನನ್ನು ದಪ್ಪಗಿನ ಕಂಡಕ್ಟರ್ ಎಂದೇ ಗುರುತು ಹೇಳುತ್ತಾರೆ. ಆದರೆ ಸಕ್ಕರೆ ಹತೋಟಿಗೆ ಬಂತು. ಮತ್ತೊಮ್ಮೆ ಕಲಬುರಗಿಯಲ್ಲಿ ನಿದ್ದೆ ಪರೀಕ್ಷಿಸಿ, ಮುಖವಾಡ ಬಿಟ್ಟು ಮಲಗಿ ನೋಡಿ ಅಂದರು. ಹಗಲು ಕಣ್ಣು ಎಳೆಯುವುದು ನಿಂತಿತು. ಸಾಹೇಬರು ರೂಟಿಗೆ ಮರಳಲು ಒಪ್ಪಿದರು. ನಾನು ಮಗಳನ್ನು ಕೇಳಿದೆ.

“ನಿಮ್ಮ ಟೈಮಿನ ಗಾಡಿನ ಕೊಟ್ಟಾರ. ಬ್ಯಾಡ ಅಂದ್ರ ಬದಲಿ ಮಾಡಸ್ಕೋತೀನಿ.”

ಭಾಗ್ಯಶ್ರೀ ಒಣಗಿದ ಬಟ್ಟೆ ಮಡಿಸುತ್ತಿದ್ದಳು. “ಅವತ್ತು ಹಂಗ ಅನಬಾರದಿತ್ತು,” ಅಂದಳು, ಬಟ್ಟೆಯಿಂದ ಕಣ್ಣೆತ್ತದೆ.

“ನೀ ಸುಳ್ಳೇನೂ ಅನಲಿಲ್ಲ.”

“ಸುಳ್ಳಲ್ಲ ಮಮ್ಮಿ. ಆದ್ರೂ ಅನಬಾರದಿತ್ತು.”

ಅಷ್ಟೇ ಮಾತು. ಅದಕ್ಕಿಂತ ಹೆಚ್ಚು ನಮ್ಮಿಬ್ಬರಿಂದಲೂ ಆಗಲಿಲ್ಲ. ನನ್ನ ಖಾಕಿ ಅಂಗಿಯನ್ನು ಎಲ್ಲ ಬಟ್ಟೆಗಿಂತ ಮೇಲೆ ಮಡಿಸಿಟ್ಟು ಎದ್ದುಹೋದಳು.

ರೂಟಿಗೆ ಮರಳಿದ ಮೊದಲ ದಿನ ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಜನ ನುಗ್ಗಿದರು. ಸೌತೆಕಾಯಿಯ ಬುಟ್ಟಿ ಹೊತ್ತ ಒಬ್ಬ ಮುದುಕಿ ಹುಮನಾಬಾದಿನ ಸಂತೆಗೆ ಹೊರಟಿದ್ದಳು. ಬುಟ್ಟಿ ಇಳಿಸಲು ಕೈ ಕೊಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊಲದ ಆಚೆ ದಂಡೆಗೆ ಕೇಳುವಷ್ಟು ದನಿಯಲ್ಲಿ ಕೇಳಿದಳು:

“ಯಾಕವ್ವ ಬಾಯಿ, ಹಿಂಗ್ಯಾಕ ಸೊರಗೀದಿ? ಮೊದಲ ಎಷ್ಟು ಚಂದ ಇದ್ದಿ! ಮೈಯಾಗ ಆರಾಮ ಇಲ್ಲೇನು?”

ಬಸ್ಸೆಲ್ಲ ನನ್ನ ಕಡೆ ನೋಡಿತು. ಕಾಲೇಜಿನ ಹುಡುಗಿಯರು ನೋಡಿದರು. ಅವರ ನಡುವೆ ನನ್ನ ಮಗಳೂ ಇದ್ದಳು. ದಪ್ಪಗಿದ್ದಾಗ ದಪ್ಪಗಿದ್ದದ್ದಕ್ಕೆ ನಾಚಿಕೆ, ಇಳಿದರೆ ಇಳಿದದ್ದಕ್ಕೆ. ಕಿವಿ ಬಿಸಿಯಾದವು. ಇಲ್ಲಜ್ಜಿ, ಉಪವಾಸ ಮಾಡುತ್ತಿದ್ದೇನೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದು ಹೊರಗೆ ಬರಲಿಲ್ಲ. ಬೇರೆಯದು ಬಂತು.

“ಸಕ್ಕರಿ ಬ್ಯಾನಿ ಬಂದದಜ್ಜಿ. ಮಲಗಿದ್ರ ಉಸರು ನಿಲ್ತಿತ್ತು. ಉಣ್ಣೂದು ಕಡಿಮಿ ಮಾಡಿ, ನಡದು, ನಾನೇ ಮೈ ಇಳಸ್ಕೊಂಡೀನಿ.”

ಕಿಟಕಿಯ ಪಕ್ಕದ ಒಬ್ಬಾಕೆ, “ನನಗೂ ಅದರಿ ಸಕ್ಕರಿ, ಮನ್ಯಾಗ ಹೇಳಿಲ್ಲ” ಅಂದಳು. ಹಿಂದಿನ ಸೀಟಿನಿಂದ ಇನ್ನೊಬ್ಬಳು ತನ್ನ ಗಂಡ ಹೀಗೆಯೇ ಗೊರಕೆ ಹೊಡೆಯುತ್ತಾನೆ, ತೋರಿಸಬೇಕೇನು ಎಂದು ಕೇಳಿದಳು. ಡಾಕ್ಟರ್ ಯಾರು, ರೊಟ್ಟಿ ಬಿಡಬೇಕೋ ಅನ್ನ ಬಿಡಬೇಕೋ, ಮೊಣಕಾಲು ನೋಯುವವರು ನಡೆಯುವುದು ಹೇಗೆ? ಟಿಕೆಟ್ ಕೊಡುತ್ತಾ, ಹಿಂದೆ ಮುಂದೆ ಸರಿಯುತ್ತಾ ನನಗೆ ತಿಳಿದಷ್ಟು ಹೇಳಿದೆ. ತಿಳಿಯದ್ದಕ್ಕೆ ದವಾಖಾನೆಗೆ ಹೋಗಿರಿ ಅಂದೆ. ಹೇಳುವಾಗೆಲ್ಲ ಮುಖ ಬಿಸಿಯೇರುತ್ತಲೇ ಇತ್ತು. ನಾಚಿಕೆ ಹೋಗುತ್ತದೆ ಎಂದು ನನ್ನಂಥವರಿಗೆ ನಾನು ಸುಳ್ಳು ಭರವಸೆ ಕೊಡಲಾರೆ. ಅದು ಇದ್ದೂ ಬಾಯಿ ತೆರೆಯಬಹುದು, ಅಷ್ಟು ಮಾತ್ರ ನನಗೆ ಗೊತ್ತು.

ಹುಮನಾಬಾದಿನಲ್ಲಿ ಎಲ್ಲರೂ ಇಳಿದ ಮೇಲೆ ಮುದುಕಿಯ ಬುಟ್ಟಿ ಎತ್ತಿಕೊಟ್ಟೆ. ಅವಳು ಒಂದು ಎಳೆ ಸೌತೆಕಾಯಿ ಆರಿಸಿ, ಸೆರಗಿಗೆ ಒರೆಸಿ, ಎರಡು ತುಂಡು ಮಾಡಿ ನನ್ನ ಕೈಗಿಟ್ಟಳು.

“ತಿನ್ನವ್ವ, ಇದು ಏನೂ ಮಾಡಾಂಗಿಲ್ಲ,” ಅಂದಳು.

ತಿಂಗಳುಗಟ್ಟಲೆ ಸೌತೆಕಾಯಿ ತಿಂದು ಅದರ ವಾಸನೆಗೇ ನನಗೆ ಬೇಸರ ಬಂದಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಒಂದು ತುಂಡು ಇಸ್ಮಾಯಿಲ್ ಭಾಯಿಗೆ ಕೊಟ್ಟೆ. ಇನ್ನೊಂದನ್ನು, ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ಬರುವ ಜನರೆಲ್ಲ ನೋಡುತ್ತಿರುವಾಗ, ಬಸ್ಸಿನ ಮೆಟ್ಟಿಲ ಮೇಲೆ ಕೂತು ತಿಂದೆ.